ಇನ್‌ಸ್ಟಾಲೇಷನ್ ಇಮೇಜಿಗೆ ಅಪ್‌ಡೇಟ್ ಬೆರೆಸುವುದು: ಯಾರಿಗೆ ಯಾವ ದಾರಿ?

ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಡೆಸ್ಕ್‌ಟಾಪ್ ಕಾಣಿಸಿಕೊಳ್ಳಲು ಹಿಡಿಯುವ ಸಮಯಕ್ಕಿಂತ, ಅದಾದ ಮೇಲೆ ಅಪ್‌ಡೇಟ್‌ಗಳು ಇಳಿದು, ಕೂತು, ಯಂತ್ರ ಎರಡು ಮೂರು ಸಲ ರೀಸ್ಟಾರ್ಟ್ ಆಗಲು ಹಿಡಿಯುವ ಸಮಯವೇ ಎಷ್ಟೋ ಬಾರಿ ಹೆಚ್ಚಾಗಿರುತ್ತದೆ. ಕೈಯಲ್ಲಿರುವ ಇಮೇಜ್, ಅಂದರೆ ವಿಂಡೋಸ್ ಹಾಕಲು ಬಳಸುವ ಕಡತಗಳ ಕಟ್ಟು, ಎಷ್ಟು ಹಳೆಯದೋ ಕಾಯುವಿಕೆ ಅಷ್ಟು ದೀರ್ಘ. ಈ ಅಪ್‌ಡೇಟ್‌ಗಳನ್ನು ಇಮೇಜಿನೊಳಗೇ ಮೊದಲೇ ಬೆರೆಸಿಟ್ಟರೆ ಯಂತ್ರವು ಮೊದಲ ಬಾರಿ ಆನ್ ಆಗುವಾಗಲೇ ಆ ತಿಂಗಳ ಮಟ್ಟದಲ್ಲಿರುತ್ತದೆ. ಹೀಗೆ ಮಾಡಲು ಇಂದು ಹಲವು ದಾರಿಗಳಿವೆ. ಅವುಗಳಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಬಹುತೇಕರು ಪರಿಕರದ ಹೆಸರು ಹೇಳುತ್ತಾರೆ. ನನ್ನ ಅನುಭವದಲ್ಲಿ ಪರಿಕರದ ಆಯ್ಕೆ ಎರಡನೆಯ ಪ್ರಶ್ನೆ. ಈ ಇಮೇಜಿನಿಂದ ಎಷ್ಟು ಯಂತ್ರಗಳಿಗೆ ಹಾಕಲಿದ್ದೀರಿ, ಬರುವ ತಿಂಗಳು ಅದೇ ಕೆಲಸವನ್ನು ಮತ್ತೆ ಯಾರು ಮಾಡುತ್ತಾರೆ ಎಂಬ ಎರಡು ಸಂಗತಿಗಳು ಇತ್ಯರ್ಥವಾದರೆ ಪರಿಕರ ತಾನಾಗಿಯೇ ಗೊತ್ತಾಗುತ್ತದೆ.

ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್‌ಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತದೆ. ಆದ್ದರಿಂದ ಎಷ್ಟೇ ಶ್ರದ್ಧೆಯಿಂದ ಸಿದ್ಧಪಡಿಸಿದ ಇಮೇಜಿನ ತಾಜಾತನಕ್ಕೂ ಸುಮಾರು ನಾಲ್ಕೈದು ವಾರಗಳ ಆಯಸ್ಸು ಮಾತ್ರ. ಒಂದು ಯಂತ್ರಕ್ಕಾಗಿ ಒಂದು ಸಂಜೆಯನ್ನೆಲ್ಲ ಕಳೆದು ಇಮೇಜ್ ಕಟ್ಟುವವರು ಈ ಲೆಕ್ಕವನ್ನು ಮರೆತಿರುತ್ತಾರೆ.

ಈ ಅಭ್ಯಾಸ ಬಂದದ್ದು ಎಲ್ಲಿಂದ

ಹಳಬರಿಗೆ ಈ ಕೆಲಸದ ಹೆಸರು ಇಂದಿಗೂ ಸ್ಲಿಪ್‌ಸ್ಟ್ರೀಮ್ ಎಂದೇ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸಿ.ಡಿ.ಯ ಕಡತಗಳನ್ನು ಒಂದು ಫೋಲ್ಡರಿಗೆ ನಕಲಿಸಿಕೊಂಡು, ಸರ್ವಿಸ್ ಪ್ಯಾಕಿನ (ಹಲವು ಅಪ್‌ಡೇಟ್‌ಗಳ ದೊಡ್ಡ ಕಟ್ಟಿನ) ಕಡತಕ್ಕೆ ‘ಇಂಟಿಗ್ರೇಟ್’ ಎಂಬ ಸ್ವಿಚ್ ಕೊಟ್ಟು ಆ ಫೋಲ್ಡರನ್ನು ತೋರಿಸಿದರೆ ಹಳೆಯ ಕಡತಗಳ ಜಾಗದಲ್ಲಿ ಹೊಸವು ಬಂದು ಕೂರುತ್ತಿದ್ದವು. ಅದಕ್ಕೊಂದು ಬಲವಾದ ಕಾರಣವೂ ಇತ್ತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಹುಳು ಹರಡಿದ ಮೇಲೆ, ತೇಪೆ ಹಾಕದ ಎಕ್ಸ್‌ಪಿ ಯಂತ್ರವನ್ನು ಅಪ್‌ಡೇಟ್ ಪಡೆಯಲೆಂದು ಇಂಟರ್ನೆಟ್ಟಿಗೆ ಜೋಡಿಸಿದರೆ ಅಪ್‌ಡೇಟ್ ಇಳಿಯುವ ಮೊದಲೇ ಸೋಂಕು ತಗಲುವ ಪರಿಸ್ಥಿತಿ ಇತ್ತು. ಹೀಗಾಗಿ ತೇಪೆ ಡಿಸ್ಕಿನಲ್ಲೇ ಇರಬೇಕಾಗಿತ್ತು.

ವಿಸ್ಟಾದಿಂದ ಮುಂದಕ್ಕೆ ಬಿಡಿ ಕಡತಗಳ ಬದಲು ವಿಮ್ ಎಂಬ ಒಂದೇ ದೊಡ್ಡ ಕಡತ ಬಂತು. ಒಂದೇ ವಿಮ್‌ನಲ್ಲಿ ಹೋಮ್, ಪ್ರೊ ಮುಂತಾದ ಹಲವು ಎಡಿಷನ್‌ಗಳು ಬೇರೆ ಬೇರೆ ಇಂಡೆಕ್ಸ್‌ಗಳಾಗಿ ಇರುತ್ತವೆ ಮತ್ತು ಅವುಗಳಲ್ಲಿ ಸಮಾನವಾಗಿರುವ ಕಡತಗಳು ಒಮ್ಮೆ ಮಾತ್ರ ಸಂಗ್ರಹವಾಗಿರುತ್ತವೆ. ಈ ಬದಲಾವಣೆಯ ಬೆನ್ನಿಗೇ ಹಳೆಯ ಅನುಕೂಲವೊಂದು ಹೋಯಿತು: ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1 ಅನ್ನು ಆಫ್‌ಲೈನ್ ಇಮೇಜಿಗೆ, ಅಂದರೆ ಇನ್ನೂ ಯಾವ ಯಂತ್ರದಲ್ಲೂ ಓಡದ ಇಮೇಜಿಗೆ, ನೇರವಾಗಿ ಸೇರಿಸಲು ಮೈಕ್ರೋಸಾಫ್ಟ್ ಅವಕಾಶ ಕೊಡಲಿಲ್ಲ. ಸರ್ವಿಸ್ ಪ್ಯಾಕ್ ಈಗಾಗಲೇ ಇರುವ ಡಿಸ್ಕನ್ನೇ ಹುಡುಕಿಕೊಳ್ಳಬೇಕಾಯಿತು. 2016ರ ಮೇ ತಿಂಗಳಲ್ಲಿ ಕೆಬಿ3125574 (ಕೆಬಿ ಎಂಬುದು ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳಿಗೆ ಕೊಡುವ ಸಂಖ್ಯೆ) ಎಂಬ ಕನ್ವೀನಿಯನ್ಸ್ ರೋಲಪ್ ಬಂದಾಗ, ಅದಕ್ಕೆ ಮೊದಲು ಕೆಬಿ3020369 ಎಂಬ ಸರ್ವಿಸಿಂಗ್ ಸ್ಟ್ಯಾಕ್ (ಅಪ್‌ಡೇಟ್‌ಗಳನ್ನು ಹಾಕುವ ವಿಂಡೋಸ್ ಭಾಗ) ಅಪ್‌ಡೇಟನ್ನು ಹಾಕಬೇಕೆಂಬ ಷರತ್ತಿನೊಡನೆ, ಐದು ವರ್ಷಗಳ ಬಹುತೇಕ ಅಪ್‌ಡೇಟ್‌ಗಳನ್ನು ಒಂದೇ ಏಟಿಗೆ ಇಮೇಜಿಗೆ ಸೇರಿಸುವುದು ಸಾಧ್ಯವಾಯಿತು. ಮೊದಲು ಸ್ಟ್ಯಾಕ್, ಆಮೇಲೆ ಉಳಿದದ್ದು ಎಂಬ ಈ ಕ್ರಮವನ್ನು ತಪ್ಪಿಸಿ ಕೈಸುಟ್ಟುಕೊಂಡವರು ಕಡಿಮೆಯೇನಲ್ಲ.

ವಿಂಡೋಸ್ 10 ಬಂದ ಮೇಲೆ ಕೆಲಸ ಹಗುರವಾಗಿದೆ. ಈಗಿನ ಮಾಸಿಕ ಅಪ್‌ಡೇಟ್ ಕ್ಯುಮುಲೇಟಿವ್, ಅಂದರೆ ಹಿಂದಿನ ತಿಂಗಳುಗಳದ್ದನ್ನೆಲ್ಲ ಒಳಗೊಂಡದ್ದು. ಇನ್ನೂರು ಬಿಡಿ ಅಪ್‌ಡೇಟ್‌ಗಳ ಪಟ್ಟಿ ಮಾಡಿ, ಯಾವುದು ಯಾವುದರ ಮೊದಲು ಎಂದು ತಲೆ ಕೆಡಿಸಿಕೊಳ್ಳುವ ಕಾಲ ಹೋಯಿತು. 2021ರಿಂದ ಸರ್ವಿಸಿಂಗ್ ಸ್ಟ್ಯಾಕ್ ಕೂಡ ಅದೇ ಪೊಟ್ಟಣದೊಳಗೆ ಬರುತ್ತಿದೆ.

ಮೊದಲ ದಾರಿ: ಏನನ್ನೂ ಬೆರೆಸದಿರುವುದು

ಒಂದೋ ಎರಡೋ ಯಂತ್ರಗಳಿಗೆ ಹಾಕುವವರು ಮೈಕ್ರೋಸಾಫ್ಟಿನ ತಾಣದಿಂದ ಹೊಸ ಐಎಸ್ಒ (ಇಡೀ ಇನ್‌ಸ್ಟಾಲೇಷನ್ ಡಿಸ್ಕಿನ ಪ್ರತಿಯಾದ ಒಂದೇ ಕಡತ) ಇಳಿಸಿಕೊಂಡು, ಹಾಕಿ, ಉಳಿದ ಅಪ್‌ಡೇಟನ್ನು ವಿಂಡೋಸ್ ಅಪ್‌ಡೇಟಿಗೇ ಬಿಡುವುದು ಸರಿಯಾದ ಆಯ್ಕೆ. ಇದನ್ನು ಹೇಳಿಬಿಟ್ಟರೆ ಮಾರ್ಗದರ್ಶಿ ಓದುವವರಲ್ಲಿ ಅರ್ಧದಷ್ಟು ಜನರಿಗೆ ಮುಂದಿನದು ಬೇಕಾಗುವುದೇ ಇಲ್ಲ ಎಂಬುದು ನನಗೆ ಗೊತ್ತು. ಆದರೂ ಅದೇ ನಿಜ. ಸಾರ್ವಜನಿಕ ತಾಣದಲ್ಲಿ ಸಿಗುವ ಐಎಸ್ಒ ಪ್ರತಿ ತಿಂಗಳೂ ಹೊಸದಾಗುತ್ತದೆಂಬ ಭರವಸೆ ಇಲ್ಲ. ವಾಲ್ಯೂಮ್ ಲೈಸೆನ್ಸ್ ಅಥವಾ ವಿಷುಯಲ್ ಸ್ಟುಡಿಯೋ ಚಂದಾ ಇರುವವರಿಗೆ ಮಾತ್ರ ಹೊಸ ಕ್ಯುಮುಲೇಟಿವ್ ಅಪ್‌ಡೇಟ್ ಸೇರಿಸಿದ ಇಮೇಜ್‌ಗಳು ನಿಯಮಿತವಾಗಿ ಸಿಗುತ್ತವೆ. ಆ ಸೌಲಭ್ಯ ಇದ್ದೂ ಮನೆಯಲ್ಲಿ ಕೂತು ಅದೇ ಕೆಲಸವನ್ನು ಮತ್ತೆ ಮಾಡುವುದರಲ್ಲಿ ಅರ್ಥವಿಲ್ಲ.

ಯುಯುಪಿ ಡಂಪ್ ಎಂಬ ಸ್ವಯಂಸೇವಕರ ಯೋಜನೆ ಇದೇ ದಾರಿಯ ಒಂದು ಕವಲು. ಅದು ಕೊಡುವ ಸ್ಕ್ರಿಪ್ಟು ಮೈಕ್ರೋಸಾಫ್ಟಿನ ಅಪ್‌ಡೇಟ್ ಸರ್ವರ್‌ಗಳಿಂದಲೇ ಕಡತಗಳನ್ನು ಇಳಿಸಿ, ನಿಮ್ಮ ಯಂತ್ರದಲ್ಲೇ ಐಎಸ್ಒ ಕಟ್ಟಿ, ಅಪ್‌ಡೇಟನ್ನೂ ಬೆರೆಸಿಕೊಡುತ್ತದೆ. ಅನುಕೂಲ ದೊಡ್ಡದು; ಆದರೆ ಹೀಗೆ ಹುಟ್ಟಿದ ಐಎಸ್ಒದ ಹ್ಯಾಶ್ ಮೌಲ್ಯವನ್ನು (ಕಡತ ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಖ್ಯೆಯನ್ನು) ಮೈಕ್ರೋಸಾಫ್ಟ್ ಪ್ರಕಟಿಸಿದ ಯಾವ ಮೌಲ್ಯದೊಡನೆಯೂ ತಾಳೆ ನೋಡಲಾಗದು. ಸ್ವಂತ ಪ್ರಯೋಗಕ್ಕೆ ಇದು ನಡೆಯುತ್ತದೆ. ಯಾವ ಇಮೇಜ್ ಎಲ್ಲಿಂದ ಬಂತು ಎಂದು ಲೆಕ್ಕ ಒಪ್ಪಿಸಬೇಕಾದ ಸಂಸ್ಥೆಯಲ್ಲಿ ನಾನು ಇದನ್ನು ಬಳಸುವುದಿಲ್ಲ.

ಬೆರೆಸದೆ ಇರುವ ದಾರಿಯನ್ನು ದೊಡ್ಡ ಜಾಲಗಳಲ್ಲೂ ಹಿಡಿಯಬಹುದು. ಡೆಲಿವರಿ ಆಪ್ಟಿಮೈಸೇಷನ್ ಚಾಲ್ತಿಯಲ್ಲಿದ್ದರೆ ಒಂದು ಯಂತ್ರ ಇಳಿಸಿದ ಭಾಗಗಳನ್ನು ಅದೇ ಜಾಲದ ಇತರ ಯಂತ್ರಗಳು ಅದರಿಂದಲೇ ಪಡೆಯುತ್ತವೆ. ಹೀಗಾಗಿ ‘ಬ್ಯಾಂಡ್‌ವಿಡ್ತ್ ಉಳಿಸಲು ಬೆರೆಸುತ್ತೇವೆ’ ಎಂಬ ವಾದಕ್ಕೆ ಮೊದಲಿನ ತೂಕ ಉಳಿದಿಲ್ಲ. ಉಳಿಯುವುದು ಸಮಯ ಮತ್ತು ಭದ್ರತೆಯ ವಾದ. ಇಂಟರ್ನೆಟ್ಟೇ ಇಲ್ಲದ ಕಡೆ ಹಾಕಬೇಕಾದಾಗ ಮಾತ್ರ ಈ ಚರ್ಚೆಗೇ ಅವಕಾಶವಿಲ್ಲ, ಬೆರೆಸಲೇಬೇಕು.

ಎರಡನೆಯ ದಾರಿ: ಡಿಸ್ಮ್

ಹತ್ತಾರು ಯಂತ್ರಗಳಿಗೆ ಹಾಕುವವರಿಗೆ, ಅದನ್ನು ತಿಂಗಳು ತಿಂಗಳೂ ಮಾಡುವವರಿಗೆ ನಾನು ಹೇಳುವುದು ಡಿಸ್ಮ್ ಒಂದನ್ನೇ. ಇದು ವಿಂಡೋಸ್ 7ರಿಂದ ಆಪರೇಟಿಂಗ್ ಸಿಸ್ಟಮ್ಮಿನ ಜೊತೆಗೇ ಬರುವ ಕಮಾಂಡ್ ಸಾಲಿನ ಪರಿಕರ. ಕಾಸು ಕೊಡಬೇಕಿಲ್ಲ, ಮೈಕ್ರೋಸಾಫ್ಟಿನ ಬೆಂಬಲವಿದೆ, ಮತ್ತು ಮುಖ್ಯವಾಗಿ ಇಡೀ ಕೆಲಸವನ್ನು ಒಂದು ಸ್ಕ್ರಿಪ್ಟಿನಲ್ಲಿ ಬರೆದಿಡಬಹುದು. ಬರೆದಿಟ್ಟ ಸ್ಕ್ರಿಪ್ಟು ಎಂದರೆ, ನೀವು ರಜೆಯಲ್ಲಿದ್ದಾಗಲೂ ಇನ್ನೊಬ್ಬರು ಅದೇ ಇಮೇಜನ್ನು ಅದೇ ರೀತಿ ಕಟ್ಟಬಲ್ಲರು.

ಕೆಲಸದ ಹಾದಿ ಸರಳ. ಇನ್‌ಸ್ಟಾಲ್.ವಿಮ್ ಕಡತದ ಬೇಕಾದ ಇಂಡೆಕ್ಸನ್ನು ಒಂದು ಖಾಲಿ ಫೋಲ್ಡರಿಗೆ ಮೌಂಟ್ ಮಾಡಬೇಕು, ಅಂದರೆ ಅದರೊಳಗಿನ ಕಡತಗಳು ಅಲ್ಲಿ ಕಾಣುವಂತೆ ತೆರೆಯಬೇಕು. ಮೈಕ್ರೋಸಾಫ್ಟ್ ಅಪ್‌ಡೇಟ್ ಕೆಟಲಾಗಿನಿಂದ ಇಳಿಸಿದ ಎಂಎಸ್‌ಯು ಕಡತವನ್ನು ‘ಆ್ಯಡ್-ಪ್ಯಾಕೇಜ್’ ಆಯ್ಕೆಯಿಂದ ಸೇರಿಸಬೇಕು. ‘ಕ್ಲೀನಪ್-ಇಮೇಜ್’ ಆಯ್ಕೆಯಿಂದ ಹಳೆಯ ಘಟಕಗಳನ್ನು ತೆಗೆಯಬೇಕು. ಕಮಿಟ್ (ಬದಲಾವಣೆ ಉಳಿಸು) ಹೇಳಿ ಅನ್‌ಮೌಂಟ್ ಮಾಡಬೇಕು. ಕೊನೆಗೆ ‘ಎಕ್ಸ್‌ಪೋರ್ಟ್-ಇಮೇಜ್’ ಮೂಲಕ ಹೊಸ ವಿಮ್‌ಗೆ ರಫ್ತು ಮಾಡಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರೇ ‘ಎರಡು ಸಲ ಅಪ್‌ಡೇಟ್ ಸೇರಿಸಿದೆ, ಕಡತ ಇಷ್ಟು ದಪ್ಪವಾಯಿತು’ ಎಂದು ದೂರುವವರು. ಅನ್‌ಮೌಂಟ್ ಮಾಡಿದಾಗ ಅಳಿದ ಕಡತಗಳ ಜಾಗ ವಿಮ್‌ನೊಳಗೆ ಹಾಗೆಯೇ ಉಳಿದಿರುತ್ತದೆ. ರಫ್ತು ಮಾಡಿದಾಗ ಮಾತ್ರ ಅದು ಬಿಟ್ಟುಹೋಗುತ್ತದೆ.

ಆದರೆ ಸರಳವಾದ ಈ ಹಾದಿಯಲ್ಲಿ ಎಡವುವ ಕಲ್ಲುಗಳೆಲ್ಲ ಸಣ್ಣವು, ಮತ್ತು ಅವು ಯಾವ ಕೈಪಿಡಿಯಲ್ಲೂ ಮೊದಲ ಪುಟದಲ್ಲಿ ಇರುವುದಿಲ್ಲ. ಐಎಸ್ಒದಿಂದ ನಕಲಿಸಿದ ವಿಮ್ ಕಡತಕ್ಕೆ ರೀಡ್-ಓನ್ಲಿ ಗುರುತು ಅಂಟಿಕೊಂಡೇ ಬರಬಹುದು. ಅದನ್ನು ತೆಗೆಯದಿದ್ದರೆ ಬರೆಯಲು ಅನುಮತಿ ಇಲ್ಲವೆಂದು ಡಿಸ್ಮ್ ಮೌಂಟ್ ಮಾಡಲು ನಿರಾಕರಿಸುತ್ತದೆ. ಮೌಂಟ್ ಮಾಡಿದ ಫೋಲ್ಡರನ್ನು ಕುತೂಹಲಕ್ಕೆಂದು ಎಕ್ಸ್‌ಪ್ಲೋರರ್‌ನಲ್ಲಿ ತೆರೆದಿಟ್ಟು ಮರೆತರೆ, ಮುಕ್ಕಾಲು ಗಂಟೆ ಕಾದ ಮೇಲೆ ಅನ್‌ಮೌಂಟ್ ವಿಫಲವಾಗುತ್ತದೆ. ಇದನ್ನು ನಾನು ಒಂದಲ್ಲ ಮೂರು ಸಲ ಮಾಡಿಕೊಂಡಿದ್ದೇನೆ. ಮೂರನೆಯ ಸಲ ಹಿನ್ನೆಲೆಯಲ್ಲಿ ಅಡಗಿದ್ದ ಆ ಒಂದು ಕಿಟಕಿಯನ್ನು ಹುಡುಕಿ ಮುಚ್ಚಿ, ಕಮಿಟ್ ಆಯ್ಕೆಯೊಡನೆ ಅನ್‌ಮೌಂಟನ್ನು ಮತ್ತೊಮ್ಮೆ ಕೊಟ್ಟಾಗ ಕೆಲಸ ಉಳಿಯಿತು. ಅದೂ ಆಗದಿದ್ದರೆ ಡಿಸ್ಕಾರ್ಡ್ (ಬದಲಾವಣೆ ಬಿಟ್ಟುಬಿಡು) ಹೇಳಿ, ‘ಕ್ಲೀನಪ್-ಮೌಂಟ್‌ಪಾಯಿಂಟ್ಸ್’ ನಡೆಸಿ, ಮೊದಲಿನಿಂದ ಶುರುಮಾಡುವುದೇ ಲೇಸು. ಅರ್ಧ ಕಮಿಟ್ ಆದ ಇಮೇಜನ್ನು ಸರಿಪಡಿಸಿಕೊಳ್ಳುವ ಹಟ ಬೇಡ.

ಇನ್ನೊಂದು, ನಿಮ್ಮ ಯಂತ್ರದ ಡಿಸ್ಮ್ ಆವೃತ್ತಿ ಇಮೇಜಿನ ಆವೃತ್ತಿಗಿಂತ ಹಳೆಯದಿರಬಾರದು. ವಿಂಡೋಸ್ 10 ಯಂತ್ರದಲ್ಲಿ ಕೂತು ವಿಂಡೋಸ್ 11ರ ಇಮೇಜನ್ನು ಮುಟ್ಟುವವರು ಮೈಕ್ರೋಸಾಫ್ಟಿನ ಎಡಿಕೆ ಎಂಬ ಪರಿಕರಗಳ ಪೊಟ್ಟಣದಲ್ಲಿ ಬರುವ ಹೊಸ ಡಿಸ್ಮನ್ನು ಹಾಕಿಕೊಳ್ಳಬೇಕು. ಮೀಡಿಯಾ ಕ್ರಿಯೇಷನ್ ಟೂಲ್ ಮೂಲಕ ತಂದ ಮಾಧ್ಯಮದಲ್ಲಿ ವಿಮ್ ಬದಲು ಇನ್ನೂ ಗಟ್ಟಿಯಾಗಿ ಅದುಮಿದ ಇಎಸ್‌ಡಿ ಕಡತ ಇರುತ್ತದೆ. ಅದನ್ನು ಹಾಗೆಯೇ ಮೌಂಟ್ ಮಾಡಿ ಬದಲಾಯಿಸಲು ಬರುವುದಿಲ್ಲ. ಮೊದಲು ವಿಮ್‌ಗೆ ರಫ್ತು ಮಾಡಿಕೊಳ್ಳಬೇಕು. ಹೇಗೂ ರಫ್ತು ಮಾಡುವಾಗ ಬೇಕಾದ ಎಡಿಷನ್ನನ್ನು ಮಾತ್ರ ಆರಿಸಿಕೊಂಡರೆ ಮುಂದಿನ ಕೆಲಸವೆಲ್ಲ ಒಂದು ಇಂಡೆಕ್ಸಿಗೆ ಇಳಿಯುತ್ತದೆ. ಹತ್ತು ಎಡಿಷನ್‌ಗಳಿರುವ ಇಮೇಜಿನಲ್ಲಿ ಪ್ರೊ ಒಂದನ್ನೇ ಬಳಸುವವರು ಉಳಿದ ಒಂಬತ್ತಕ್ಕೂ ಅಪ್‌ಡೇಟ್ ಸೇರಿಸುತ್ತ ಕೂರುವುದನ್ನು ನೋಡಿದ್ದೇನೆ.

ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸದೊಂದು ತಿರುವು ಸೇರಿದೆ. ಕ್ಯುಮುಲೇಟಿವ್ ಅಪ್‌ಡೇಟ್‌ಗಳು ಬೆಳೆಯುತ್ತಲೇ ಹೋಗುವುದನ್ನು ತಡೆಯಲು ಮೈಕ್ರೋಸಾಫ್ಟ್ ನಡುನಡುವೆ ಚೆಕ್‌ಪಾಯಿಂಟ್ ಅಪ್‌ಡೇಟ್‌ಗಳನ್ನು ಇಡಲಾರಂಭಿಸಿತು. ಮೊದಲನೆಯದು 2024ರ ಸೆಪ್ಟೆಂಬರಿನ ಕೆಬಿ5043080. ಅದರ ನಂತರದ ಅಪ್‌ಡೇಟ್‌ಗಳು ಆ ಚೆಕ್‌ಪಾಯಿಂಟಿನಿಂದ ಮುಂದಿನ ವ್ಯತ್ಯಾಸವನ್ನು ಮಾತ್ರ ಹೊತ್ತಿರುತ್ತವೆ. ಆದ್ದರಿಂದ ಕೆಟಲಾಗಿನಲ್ಲಿ ಒಂದು ತಿಂಗಳ ಅಪ್‌ಡೇಟನ್ನು ಇಳಿಸಲು ಹೋದರೆ ಎರಡು ಅಥವಾ ಹೆಚ್ಚು ಎಂಎಸ್‌ಯು ಕಡತಗಳು ಕಾಣುತ್ತವೆ. ಇವೆಲ್ಲವನ್ನೂ ಒಂದೇ ಫೋಲ್ಡರಿನಲ್ಲಿ, ಬೇರಾವ ಎಂಎಸ್‌ಯು ಕಡತವೂ ಅಲ್ಲಿರದಂತೆ ಇಟ್ಟು, ಡಿಸ್ಮ್‌ಗೆ ಕೊನೆಯ ಅಪ್‌ಡೇಟ್ ಒಂದನ್ನೇ ತೋರಿಸಬೇಕು. ಬೇಕಾದ ಚೆಕ್‌ಪಾಯಿಂಟನ್ನು ಡಿಸ್ಮ್ ತಾನೇ ಹುಡುಕಿಕೊಳ್ಳುತ್ತದೆ. ಹಳೆಯ ಅಭ್ಯಾಸದಂತೆ ಹೊಸ ಕಡತವೊಂದನ್ನೇ ಇಳಿಸಿ ಸೇರಿಸಹೊರಟವರಿಗೆ ಅರ್ಥವಾಗದ ದೋಷ ಸಂದೇಶ ಎದುರಾಗುವುದು ಹೆಚ್ಚಾಗಿ ಇದರಿಂದಲೇ.

ಭಾಷಾ ಪೊಟ್ಟಣಗಳು ಅಥವಾ ಹೆಚ್ಚುವರಿ ಸೌಲಭ್ಯಗಳನ್ನೂ ಸೇರಿಸುವುದಿದ್ದರೆ ಅವು ಕ್ಯುಮುಲೇಟಿವ್ ಅಪ್‌ಡೇಟಿಗಿಂತ ಮೊದಲು ಸೇರಬೇಕು, ಏಕೆಂದರೆ ಅಪ್‌ಡೇಟು ಆ ಹೊತ್ತಿಗೆ ಇಮೇಜಿನಲ್ಲಿರುವ ಘಟಕಗಳನ್ನು ಮಾತ್ರ ಹೊಸದಾಗಿಸುತ್ತದೆ. ಹಳೆಯ ತಂತ್ರಾಂಶಗಳು ಓಡಲು ಬೇಕಾಗುವ ಡಾಟ್‌ನೆಟ್ 3.5 ಮಾತ್ರ ಇದಕ್ಕೆ ಅಪವಾದದಂತೆ ವರ್ತಿಸುತ್ತದೆ. ಅದನ್ನು ಆಫ್‌ಲೈನ್ ಇಮೇಜಿನಲ್ಲಿ ಚಾಲೂ ಮಾಡಿದರೆ ಮೊದಲ ಬೂಟಿನಲ್ಲಿ ಮುಗಿಯಬೇಕಾದ ಕೆಲಸ ಬಾಕಿ ಉಳಿಯುತ್ತದೆ ಮತ್ತು ಬಾಕಿ ಇರುವಾಗ ಕ್ಲೀನಪ್ ನಡೆಯುವುದಿಲ್ಲ. ಆದ್ದರಿಂದ ಕ್ಲೀನಪ್ ಮುಗಿಸಿ, ಆಮೇಲೆ ಡಾಟ್‌ನೆಟ್ 3.5 ಸೇರಿಸುವುದು ವಾಡಿಕೆ. ಕ್ಲೀನಪ್ ಜೊತೆಗೆ ‘ರೀಸೆಟ್-ಬೇಸ್’ ಕೊಟ್ಟರೆ ಇಮೇಜ್ ಇನ್ನಷ್ಟು ಸಣ್ಣದಾಗುತ್ತದೆ, ಆದರೆ ಸೇರಿಸಿದ ಅಪ್‌ಡೇಟನ್ನು ಆಮೇಲೆ ತೆಗೆಯಲು ಬರುವುದಿಲ್ಲ.

ತಿಂಗಳು ತಿಂಗಳೂ ಮಾಡುವವರ ನಡುವೆ ಒಂದು ಭಿನ್ನಾಭಿಪ್ರಾಯವಿದೆ: ಕಳೆದ ತಿಂಗಳು ಕಟ್ಟಿದ ಇಮೇಜಿನ ಮೇಲೆ ಈ ತಿಂಗಳದ್ದನ್ನು ಸೇರಿಸಬೇಕೋ, ಪ್ರತಿ ಸಲವೂ ಮೂಲ ಐಎಸ್ಒದಿಂದ ಶುರುಮಾಡಬೇಕೋ? ಮೂಲದಿಂದ ಎಂದೇ ನನ್ನ ಉತ್ತರ. ಅಪ್‌ಡೇಟು ಕ್ಯುಮುಲೇಟಿವ್ ಆಗಿರುವುದರಿಂದ ಮೂಲದಿಂದ ಶುರುಮಾಡಿದರೂ ಹೆಚ್ಚು ಕೆಲಸವೇನೂ ಆಗುವುದಿಲ್ಲ. ಮಾರ್ಚಿನಲ್ಲಿ ಆದ ತಪ್ಪು ನವೆಂಬರಿನ ಇಮೇಜಿನಲ್ಲಿ ಅಡಗಿ ಕೂರುವ ಅಪಾಯವೂ ತಪ್ಪುತ್ತದೆ.

ಎಲ್ಲರೂ ಮರೆಯುವ ಇನ್ನೆರಡು ವಿಮ್‌ಗಳು

ಇನ್‌ಸ್ಟಾಲ್.ವಿಮ್ ಒಂದನ್ನು ಹೊಸದಾಗಿಸಿ ಕೆಲಸ ಮುಗಿಯಿತೆಂದುಕೊಂಡರೆ ಅರ್ಧ ಕೆಲಸವಷ್ಟೇ ಆಗಿರುತ್ತದೆ. ಅದೇ ಮಾಧ್ಯಮದಲ್ಲಿ ಬೂಟ್.ವಿಮ್ ಇದೆ, ಯಂತ್ರ ಯುಎಸ್‌ಬಿಯಿಂದ ಏಳುವಾಗ ಮೊದಲು ಓಡುವುದು ಅದೇ. ಅದರಲ್ಲಿ ಎರಡು ಇಂಡೆಕ್ಸ್‌ಗಳು: ಮೊದಲನೆಯದು ವಿಂಡೋಸ್ ಪಿಇ (ಇನ್‌ಸ್ಟಾಲ್, ದುರಸ್ತಿಗಳಿಗೆಂದಿರುವ ಪುಟ್ಟ ವಿಂಡೋಸ್), ಎರಡನೆಯದು ಸೆಟಪ್. ಇನ್ನು ಇನ್‌ಸ್ಟಾಲ್.ವಿಮ್‌ನ ಹೊಟ್ಟೆಯೊಳಗೆ, ಸಿಸ್ಟಮ್32ರ ರಿಕವರಿ ಫೋಲ್ಡರಿನಲ್ಲಿ ವಿನ್‌ಆರ್‌ಇ.ವಿಮ್ ಎಂಬ ಮೂರನೆಯದು ಕೂತಿರುತ್ತದೆ. ಯಂತ್ರ ಕೆಟ್ಟಾಗ ಎದ್ದು ಬರುವ ರಿಕವರಿ ಪರಿಸರ ಅದು. ಮೌಂಟ್ ಮಾಡಿದ ಇಮೇಜಿನೊಳಗಿನ ಈ ಇಮೇಜನ್ನು ಮತ್ತೆ ಬೇರೊಂದು ಫೋಲ್ಡರಿಗೆ ಮೌಂಟ್ ಮಾಡಬೇಕಾದ್ದರಿಂದ ಬಹುಪಾಲು ಜನ ಇದನ್ನು ಬಿಟ್ಟುಬಿಡುತ್ತಾರೆ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ಜನವರಿಯ ಕೆಬಿ5034441 ಒಳ್ಳೆಯ ಉದಾಹರಣೆ. ಡಿಸ್ಕನ್ನು ಗೂಢಲಿಪಿಗೊಳಿಸುವ ಬಿಟ್‌ಲಾಕರ್ ರಕ್ಷಣೆಯನ್ನು ರಿಕವರಿ ಪರಿಸರದ ಮೂಲಕ ದಾಟಿಹೋಗಬಹುದಾದ ಒಂದು ದೋಷವನ್ನು ಮುಚ್ಚಲು ಆ ಅಪ್‌ಡೇಟ್ ವಿಂಡೋಸ್ 10ಕ್ಕೆ ಬಂತು. ಅದಕ್ಕೆ ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಜಾಗವಿಲ್ಲದ ಅಸಂಖ್ಯ ಯಂತ್ರಗಳಲ್ಲಿ ಅಪ್‌ಡೇಟು ಪದೇ ಪದೇ ವಿಫಲವಾಗಿ, ಬಳಕೆದಾರರು ಕೈಯಾರೆ ಪಾರ್ಟಿಷನ್ ಹಿಗ್ಗಿಸಬೇಕಾಯಿತು. ಮುಖ್ಯ ವ್ಯವಸ್ಥೆ ಎಷ್ಟು ಹೊಸದಾಗಿದ್ದರೂ ರಿಕವರಿ ಹಳೆಯದಾಗಿದ್ದರೆ ಬಾಗಿಲು ತೆರೆದೇ ಇರುತ್ತದೆ. ಇಮೇಜ್ ಕಟ್ಟುವಾಗಲೇ ಸೇಫ್ ಓಎಸ್ ಡೈನಾಮಿಕ್ ಅಪ್‌ಡೇಟ್ ಎಂಬ ಪ್ರತ್ಯೇಕ ಕಡತವನ್ನು ಕೆಟಲಾಗಿನಿಂದ ತಂದು ವಿನ್‌ಆರ್‌ಇಗೆ ಸೇರಿಸಬೇಕು.

ಬೂಟ್.ವಿಮ್‌ಗೆ ಅಪ್‌ಡೇಟ್ ಸೇರಿಸಿದ ಮೇಲೆ ಇನ್ನೊಂದು ಹೆಜ್ಜೆ ಇದೆ. ಅದರ ಎರಡನೆಯ ಇಂಡೆಕ್ಸಿನೊಳಗೆ ಹೊಸದಾದ ಸೆಟಪ್ ಕಡತಗಳನ್ನೂ ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಕಡತಗಳನ್ನೂ ಹೊರಗಿನ ಮಾಧ್ಯಮದ ಫೋಲ್ಡರುಗಳಿಗೆ ನಕಲಿಸಬೇಕು. ಒಳಗಿನದು ಹೊಸದು, ಹೊರಗಿನದು ಹಳೆಯದು ಎಂದಾದರೆ ಸೆಟಪ್ ಅರ್ಧಕ್ಕೆ ನಿಲ್ಲುವ ಸಂಭವವಿದೆ. ಬೂಟ್ ಮ್ಯಾನೇಜರ್ ವಿಷಯ ಈಚೆಗೆ ಇನ್ನಷ್ಟು ಗಂಭೀರವಾಗಿದೆ. ಬ್ಲ್ಯಾಕ್‌ಲೋಟಸ್ ಎಂಬ ಬೂಟ್‌ಕಿಟ್ (ವಿಂಡೋಸ್ ಏಳುವ ಮೊದಲೇ ಓಡುವ ದುಷ್ಟ ತಂತ್ರಾಂಶ) ದುರ್ಬಳಕೆ ಮಾಡಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ಹಂತ ಹಂತವಾಗಿ ಪರಿಹಾರ ತರುತ್ತಿದೆ. ಆ ಪರಿಹಾರದ ಕೊನೆಯ ಹಂತದಲ್ಲಿ ಹಳೆಯ 2011ರ ಪ್ರಮಾಣಪತ್ರದಿಂದ ಸಹಿಯಾದ ಬೂಟ್ ಮ್ಯಾನೇಜರುಗಳನ್ನು ಯಂತ್ರದ ಫರ್ಮ್‌ವೇರ್ ತಿರಸ್ಕರಿಸುತ್ತದೆ. ಒಪ್ಪಿತ ಸಹಿ ಇರುವುದನ್ನು ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದು ಈ ಹಂತ ದಾಟಿದ ಯಂತ್ರದಲ್ಲಿ ನಿಮ್ಮ ಹಳೆಯ ಯುಎಸ್‌ಬಿ ಏಳುವುದೇ ಇಲ್ಲ. 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನಿನಿಂದ ಮುಗಿಯತೊಡಗುತ್ತದೆ ಎಂಬುದೂ ಇದಕ್ಕೆ ಸೇರಿಕೊಳ್ಳುತ್ತದೆ. ಮಾಧ್ಯಮವನ್ನು 2023ರ ಪ್ರಮಾಣಪತ್ರದ ಬೂಟ್ ಮ್ಯಾನೇಜರಿಗೆ ಬದಲಾಯಿಸಲು ಮೈಕ್ರೋಸಾಫ್ಟ್ ಒಂದು ಪವರ್‌ಶೆಲ್ ಸ್ಕ್ರಿಪ್ಟನ್ನೇ ಒದಗಿಸಿದೆ. ಇನ್‌ಸ್ಟಾಲ್.ವಿಮ್‌ಗೆ ಏನೇ ಬೆರೆಸಿದರೂ ಈ ತೊಂದರೆಗೆ ಅದು ಮದ್ದಲ್ಲ.

ಡ್ರೈವರುಗಳ ಮಾತೂ ಇಲ್ಲಿಗೇ ಸೇರುತ್ತದೆ. 2015ರ ಸುಮಾರಿಗೆ ಹೊಸ ಇಂಟೆಲ್ ಯಂತ್ರಗಳಿಗೆ ವಿಂಡೋಸ್ 7 ಹಾಕಹೊರಟವರಿಗೆ ಸೆಟಪ್ ಪರದೆಯಲ್ಲಿ ಕೀಬೋರ್ಡು, ಮೌಸು ಎರಡೂ ಸತ್ತಂತಿರುತ್ತಿದ್ದವು, ಏಕೆಂದರೆ ಬೂಟ್.ವಿಮ್‌ನಲ್ಲಿ ಯುಎಸ್‌ಬಿ 3 ಡ್ರೈವರ್ ಇರಲಿಲ್ಲ. ಈಗ ಅದೇ ಕತೆ ಇಂಟೆಲ್ ವಿಎಂಡಿ ಎಂಬ ಡಿಸ್ಕ್ ನಿರ್ವಹಣಾ ಸೌಲಭ್ಯ ಚಾಲ್ತಿಯಲ್ಲಿರುವ ಲ್ಯಾಪ್‌ಟಾಪ್‌ಗಳಲ್ಲಿ ನಡೆಯುತ್ತದೆ: ಸೆಟಪ್ ಓಡುತ್ತದೆ, ಆದರೆ ಡಿಸ್ಕುಗಳ ಪಟ್ಟಿ ಖಾಲಿ. ಎರಡಕ್ಕೂ ಪರಿಹಾರ ಒಂದೇ, ಡ್ರೈವರನ್ನು ಬೂಟ್.ವಿಮ್‌ಗೂ ಸೇರಿಸುವುದು.

ಮೂರನೆಯ ದಾರಿ: ಕಿಟಕಿ ಇರುವ ಪರಿಕರಗಳು

ಕಮಾಂಡ್ ಸಾಲು ಒಗ್ಗದವರಿಗೆ ಎನ್‌ಟಿಲೈಟ್ ಮುಂತಾದ ಪರಿಕರಗಳಿವೆ. ಎಕ್ಸ್‌ಪಿ ಕಾಲದ ಎನ್‌ಲೈಟ್, ವಿಸ್ಟಾ ಕಾಲದ ವಿಲೈಟ್‌ಗಳ ವಂಶದ್ದೇ ಇದು. ಇಮೇಜನ್ನು ತೋರಿಸಿ, ಅಪ್‌ಡೇಟ್ ಆರಿಸಿ, ಗುಂಡಿ ಒತ್ತಿದರೆ ಮೌಂಟ್, ಸೇರಿಸುವಿಕೆ, ಐಎಸ್ಒ ಕಟ್ಟುವಿಕೆ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಉಚಿತ ಆವೃತ್ತಿ ಮನೆಬಳಕೆಗೆ ಸೀಮಿತ, ಕೆಲವು ಸೌಲಭ್ಯಗಳು ಅದರಲ್ಲಿ ತೆರೆದಿರುವುದಿಲ್ಲ. ಕಚೇರಿಯ ಕೆಲಸಕ್ಕೆ ಪರವಾನಗಿ ಕೊಳ್ಳಬೇಕು.

ವರ್ಷಕ್ಕೆ ಎರಡು ಮೂರು ಸಲ ಇಮೇಜ್ ಕಟ್ಟುವವರಿಗೆ ಇದು ಡಿಸ್ಮ್‌ಗಿಂತ ಹಿತವಾದ ದಾರಿ. ನನ್ನ ತಕರಾರು ಅಪ್‌ಡೇಟ್ ಸೇರಿಸುವ ಭಾಗದ ಬಗ್ಗೆ ಅಲ್ಲವೇ ಅಲ್ಲ. ಅದರ ಪಕ್ಕದಲ್ಲೇ ಇರುವ ‘ಘಟಕಗಳನ್ನು ತೆಗೆಯಿರಿ’ ಎಂಬ ಪುಟದ ಬಗ್ಗೆ. ಅಪ್‌ಡೇಟ್ ಬೆರೆಸಲು ಬಂದವರು ಆ ಪುಟ ಕಂಡು ಬೇಡವೆನಿಸಿದ್ದನ್ನೆಲ್ಲ ಕಿತ್ತು ಹಾಕುತ್ತಾರೆ. ಕಿತ್ತ ಘಟಕವೊಂದನ್ನು ಮುಂದಿನ ಕ್ಯುಮುಲೇಟಿವ್ ಅಪ್‌ಡೇಟು ಹುಡುಕಿದಾಗ ಅದು ಸಿಗದೆ ವಿಫಲವಾಗಬಹುದು, ಅಥವಾ ಆ ಘಟಕವನ್ನು ಮರಳಿ ತಂದು ಕೂರಿಸಬಹುದು. ಇಮೇಜನ್ನು ಹೊಸದಾಗಿಸಲು ಹೊರಟು ಅದು ಮುಂದೆಂದೂ ಹೊಸದಾಗದಂತೆ ಮಾಡಿಕೊಳ್ಳುವುದೆಂದರೆ ಇದೇ.

ನಾಲ್ಕನೆಯ ದಾರಿ: ಆಡಿಟ್ ಮೋಡ್

ಮೇಲಿನ ದಾರಿಗಳೆಲ್ಲ ಮಲಗಿರುವ ಇಮೇಜನ್ನು ತಿದ್ದುವಂಥವು. ಆಡಿಟ್ ಮೋಡ್ ದಾರಿಯಲ್ಲಿ ವಿಂಡೋಸನ್ನು ಒಂದು ವರ್ಚುವಲ್ ಯಂತ್ರದಲ್ಲಿ (ತಂತ್ರಾಂಶದೊಳಗೆ ಓಡುವ ಕಂಪ್ಯೂಟರಿನಲ್ಲಿ) ನಿಜವಾಗಿಯೇ ಹಾಕಿ, ಮೊದಲ ಪ್ರಶ್ನೆಗಳ ಪರದೆ ಬಂದಾಗ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿ ಒಳಹೋಗಿ, ಅಪ್‌ಡೇಟನ್ನೂ ಬೇಕಾದ ತಂತ್ರಾಂಶಗಳನ್ನೂ ಹಾಕಿ, ಸಿಸ್‌ಪ್ರೆಪ್ ಮೂಲಕ ಯಂತ್ರದ ಗುರುತನ್ನು ಅಳಿಸಿ, ಆಮೇಲೆ ವಿಂಡೋಸ್ ಪಿಇಯಿಂದ ಎದ್ದು ಆ ಡಿಸ್ಕನ್ನು ಹೊಸ ವಿಮ್ ಆಗಿ ಸೆರೆಹಿಡಿಯಲಾಗುತ್ತದೆ. ಆಫ್‌ಲೈನ್ ಆಗಿ ಸೇರಿಸಲು ಬಾರದ ದೊಡ್ಡ ತಂತ್ರಾಂಶಗಳು ಎಲ್ಲ ಯಂತ್ರಗಳಲ್ಲೂ ಇರಲೇಬೇಕಾದಾಗ ಇದೊಂದೇ ಗತಿ.

ಬರೀ ಅಪ್‌ಡೇಟಿಗಾಗಿ ಈ ದಾರಿ ಹಿಡಿಯಬೇಡಿ. ಪ್ರತಿ ತಿಂಗಳೂ ಇಡೀ ಸರ್ಕಸ್ಸನ್ನು ಮತ್ತೆ ಮಾಡಬೇಕು, ಮತ್ತು ಸಿಸ್‌ಪ್ರೆಪ್ ಕೈಕೊಡುವ ಸಂದರ್ಭಗಳು ಬೇಕಾದಷ್ಟಿವೆ. ಹೆಚ್ಚು ಕಾಣುವುದು ಸ್ಟೋರ್ ಆ್ಯಪ್‌ಗಳ ತೊಂದರೆ: ಹಿನ್ನೆಲೆಯಲ್ಲಿ ಯಾವುದೋ ಆ್ಯಪ್ ಆ ಒಬ್ಬ ಬಳಕೆದಾರನಿಗೆ ಮಾತ್ರ ಹೊಸದಾಗಿ, ಎಲ್ಲ ಬಳಕೆದಾರರಿಗೆಂದು ಇಟ್ಟ ಪ್ರತಿ ಹಳೆಯದಾಗಿಯೇ ಉಳಿದರೆ ಸಿಸ್‌ಪ್ರೆಪ್ ನಿಂತುಬಿಡುತ್ತದೆ. ವರ್ಚುವಲ್ ಯಂತ್ರದ ನೆಟ್‌ವರ್ಕ್ ತಂತಿಯನ್ನು ಕಿತ್ತಿಟ್ಟು, ಅಪ್‌ಡೇಟನ್ನು ಎಂಎಸ್‌ಯು ಕಡತದಿಂದಲೇ ಹಾಕಿ, ಸಿಸ್‌ಪ್ರೆಪ್‌ಗೆ ಮುನ್ನ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡರೆ ಒಂದು ದಿನದ ಕೆಲಸ ಉಳಿಯುತ್ತದೆ.

ಎರಡು ವಿಶೇಷ ಸಂದರ್ಭಗಳು

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಬೆಂಬಲಕ್ಕೆ ಸೇರದ ಯಂತ್ರಗಳಿಗೆ ಇನ್ನೂ ಅದನ್ನೇ ಹಾಕಬೇಕಾದವರಿಗೆ ಇಮೇಜಿನ ಆಯಸ್ಸಿನ ಲೆಕ್ಕ ತಲೆಕೆಳಗಾಗುತ್ತದೆ: ಆ ತಿಂಗಳ ಅಪ್‌ಡೇಟ್ ಬೆರೆಸಿ ಒಮ್ಮೆ ಕಟ್ಟಿದ ಇಮೇಜು ಮತ್ತೆ ಹಳೆಯದಾಗುವ ಪ್ರಶ್ನೆಯೇ ಇಲ್ಲ. ಒಂದೇ ಯಂತ್ರವಿದ್ದರೂ ಡಿಸ್ಮ್ ಶ್ರಮ ಸಾರ್ಥಕವಾಗುವ ಸಂದರ್ಭ ಇದು.

ಲಿನಕ್ಸ್‌ನಲ್ಲಿ ಈ ತಲೆನೋವು ಬಹುಮಟ್ಟಿಗೆ ಇಲ್ಲ. ಡೆಬಿಯನ್‌ನ ನೆಟ್‌ಇನ್‌ಸ್ಟ್ ಇಮೇಜು ಬಹುತೇಕ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಸಮಯದಲ್ಲೇ ಸರ್ವರಿನಿಂದ ಇಳಿಸುವುದರಿಂದ ಹಾಕಿದ ಕ್ಷಣದಲ್ಲೇ ಹೊಸದಾಗಿರುತ್ತದೆ. ಆರ್ಚ್ ತಿಂಗಳಿಗೊಂದು ಇಮೇಜ್ ಕೊಡುತ್ತದೆ. ಉಬುಂಟು ಎಲ್‌ಟಿಎಸ್ (ದೀರ್ಘ ಬೆಂಬಲದ) ಆವೃತ್ತಿಗಳಿಗೆ ಸುಮಾರು ಆರು ತಿಂಗಳಿಗೊಮ್ಮೆ ಪಾಯಿಂಟ್ ಬಿಡುಗಡೆ, ಅಂದರೆ ಅಪ್‌ಡೇಟ್ ಬೆರೆಸಿದ ಹೊಸ ಇಮೇಜ್, ಬರುತ್ತದೆ. ಕೈಯಾರೆ ಬೆರೆಸಲೇಬೇಕೆನ್ನುವವರಿಗೆ ಉಬುಂಟುವಿನಲ್ಲಿ ಕ್ಯೂಬಿಕ್, ಡೆಬಿಯನ್‌ನಲ್ಲಿ ಲೈವ್-ಬಿಲ್ಡ್ ಇವೆ. ಆದರೆ ಹಲವು ಯಂತ್ರಗಳಿಗೆ ಹಾಕುವವರು ಇಮೇಜ್ ಕಟ್ಟುವುದಕ್ಕಿಂತ ಜಾಲದೊಳಗೆ ಒಂದು ಪ್ಯಾಕೇಜ್ ಕ್ಯಾಶ್ ಇಟ್ಟುಕೊಳ್ಳುವುದು ಜಾಣತನ.

ಕಟ್ಟಿದ ಮೇಲೆ

ರಫ್ತಾದ ಇನ್‌ಸ್ಟಾಲ್.ವಿಮ್ 4 ಜಿಬಿ ಮೀರಿದರೆ ಫ್ಯಾಟ್32 ರೂಪದಲ್ಲಿ ಫಾರ್ಮ್ಯಾಟ್ ಮಾಡಿದ ಯುಎಸ್‌ಬಿಯಲ್ಲಿ ಅದು ಕೂರುವುದಿಲ್ಲ. ‘ಸ್ಪ್ಲಿಟ್-ಇಮೇಜ್’ ಆಯ್ಕೆಯಿಂದ 3800 ಎಂಬಿಯ ತುಂಡುಗಳಾಗಿ ಒಡೆದರೆ ಸೆಟಪ್ ಆ ತುಂಡುಗಳನ್ನು ತಾನೇ ಜೋಡಿಸಿ ಓದಿಕೊಳ್ಳುತ್ತದೆ. ಯುಎಸ್‌ಬಿಯಿಂದಲೇ ಹಾಕುವುದಾದರೆ ಐಎಸ್ಒ ಕಟ್ಟುವ ಅಗತ್ಯವಿಲ್ಲ, ಕಡತಗಳನ್ನು ನಕಲಿಸಿದರೆ ಸಾಕು. ಐಎಸ್ಒ ಬೇಕೇ ಬೇಕಾದರೆ ಎಡಿಕೆಯಲ್ಲಿ ಬರುವ ಓಎಸ್‌ಸಿಡಿಇಮೇಜ್ ಪರಿಕರವಿದೆ.

ಇಮೇಜನ್ನು ಹಂಚುವ ಮೊದಲು ‘ಗೆಟ್-ಇಮೇಜ್‌ಇನ್ಫೋ’ ಕೊಟ್ಟು ಸರ್ವಿಸ್‌ಪ್ಯಾಕ್ ಬಿಲ್ಡ್ ಎಂಬ ಸಾಲಿನ ಸಂಖ್ಯೆ, ಸೇರಿಸಿದ ಅಪ್‌ಡೇಟಿನ ಬಿಲ್ಡ್ ಸಂಖ್ಯೆಯ ಕೊನೆಯ ಭಾಗಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಇದಿಷ್ಟೇ ಸಾಲದು. ಮಾಧ್ಯಮಕ್ಕೆ 2024ರ ಅಕ್ಟೋಬರ್ ಅಥವಾ ನವೆಂಬರ್ ತಿಂಗಳ ಭದ್ರತಾ ಅಪ್‌ಡೇಟ್ ಬೆರೆಸಿ 24ಎಚ್2 ಹಾಕಿದ ಯಂತ್ರಗಳು ಆಮೇಲಿನ ಭದ್ರತಾ ಅಪ್‌ಡೇಟ್‌ಗಳನ್ನು ಸ್ವೀಕರಿಸದೆ ಹೋಗಬಹುದೆಂದು ಮೈಕ್ರೋಸಾಫ್ಟೇ ಒಪ್ಪಿಕೊಂಡು, ಡಿಸೆಂಬರ್ ತಿಂಗಳ ಅಥವಾ ಅದಕ್ಕೂ ಹೊಸದಾದ ಅಪ್‌ಡೇಟ್ ಇರುವ ಮಾಧ್ಯಮದಿಂದ ಮತ್ತೆ ಹಾಕಿಕೊಳ್ಳಲು ಸೂಚಿಸಿತ್ತು. ಆ ಎರಡು ತಿಂಗಳ ಇಮೇಜ್‌ಗಳ ಬಿಲ್ಡ್ ಸಂಖ್ಯೆಯಲ್ಲಿ ಯಾವ ತಪ್ಪೂ ಕಾಣುತ್ತಿರಲಿಲ್ಲ. ಅಂದಿನಿಂದ ನಾನು ಹೊಸ ಇಮೇಜನ್ನು ವರ್ಚುವಲ್ ಯಂತ್ರಕ್ಕೆ ಹಾಕಿ, ಒಂದು ತಿಂಗಳು ಹಾಗೆಯೇ ಇಟ್ಟು, ಮುಂದಿನ ಎರಡನೆಯ ಮಂಗಳವಾರದ ಅಪ್‌ಡೇಟನ್ನು ಅದು ತಾನಾಗಿ ತೆಗೆದುಕೊಳ್ಳುತ್ತದೆಯೇ ಎಂದೂ ನೋಡುತ್ತೇನೆ.